ಸುಂದರಕ್ಕ ಇರುವವರೆಗೆ

ನಾನು ಕನ್ನಡ ಓದಲು ಕಲಿತದ್ದು ಬೇರೆಯವರ ಆಸ್ತಿಪತ್ರಗಳಲ್ಲಿ. ಅಮ್ಮನ ಅಪ್ಪ, ನನ್ನ ಅಜ್ಜ, ದಸ್ತಾವೇಜು ಬರೆಯುವವರಾಗಿದ್ದರು. ನೋಂದಣಿ ಕಚೇರಿಯ ಹತ್ತಿರ ಒಂದು ಚಿಕ್ಕ ಕೋಣೆಯಲ್ಲಿ ಕುಳಿತು ಊರವರ ಕ್ರಯಪತ್ರ, ದಾನಪತ್ರ, ಮರಣಶಾಸನಗಳನ್ನು ಬರೆದುಕೊಡುತ್ತಿದ್ದರು. ಸಂಜೆ ಬೋಳಾರದ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಚಾವಡಿಯ ಬೆಂಚಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ದಿನದ ಕರಡುಗಳನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ತಾವು ಬರೆದದ್ದರಲ್ಲಿನ ತಪ್ಪು ತಮ್ಮ ಕಣ್ಣಿಗೆ ಬೀಳುವುದಿಲ್ಲ, ಇನ್ನೊಬ್ಬರು ಓದುವಾಗ ಮಾತ್ರ ಗೊತ್ತಾಗುತ್ತದೆ ಎನ್ನುತ್ತಿದ್ದರು. ಮನೆಯಲ್ಲಿ ನಾವೆಲ್ಲ ಆಡುವುದು ತುಳು. ಹಾಗಾಗಿ ನನ್ನ ಪಾಲಿಗೆ ಕನ್ನಡ ಎಂದರೆ ಪರಭಾರೆ, ಚಕ್ಕುಬಂದಿ, ಅನುಭವಿಸತಕ್ಕದ್ದು. ಮೂರನೆಯ ಕ್ಲಾಸಿನಲ್ಲಿ ಟೀಚರು ‘ನಮ್ಮ ಮನೆ’ ಎಂದು ಹತ್ತು ಸಾಲು ಬರೆಯಲು ಹೇಳಿದಾಗ ನಾನು, ‘ಪೂರ್ವಕ್ಕೆ ಸಾರ್ವಜನಿಕ ರಸ್ತೆ, ಪಶ್ಚಿಮಕ್ಕೆ ಹೊಳೆಯ ಕಡೆಗೆ ಹೋಗುವ ಓಣಿ, ಈ ಮಧ್ಯೆ ಇರುವ ಹಂಚಿನ ಮನೆ, ಬಾವಿ ಮತ್ತು ಒಂದು ಹಲಸಿನ ಮರ’ ಎಂದು ಬರೆದೆ. ಟೀಚರು ಪುಸ್ತಕವನ್ನು ಸ್ಟಾಫ್ ರೂಮಿಗೆ ಒಯ್ದು ಎಲ್ಲರಿಗೂ ಓದಿ ತೋರಿಸಿದರಂತೆ.

ಆ ಮನೆಯಲ್ಲಿ ನಾವು ನಾಲ್ಕು ಜನ. ಅಜ್ಜ, ಅಮ್ಮ, ನಾನು, ಮತ್ತು ಸುಂದರಕ್ಕ. ಅಪ್ಪ ತೀರಿಹೋದಾಗ ನನಗೆ ಎರಡು ವರ್ಷ. ಅಮ್ಮನ ಅಣ್ಣ, ನನ್ನ ಮಾವ, ನಮ್ಮಿಬ್ಬರನ್ನು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಕರೆದುಕೊಂಡು ಬಂದು ಅಜ್ಜನ ಮನೆಯ ಪಡುಗಡೆಯ ಕೋಣೆಯಲ್ಲಿ ಇಳಿಸಿದರು. ಕೊಟ್ಟಾರದಲ್ಲಿ ಅವರಿಗೆ ಸ್ವಂತ ಮನೆ ಇತ್ತು. ನನ್ನ ಶಾಲೆಯ ಫೀಸು, ಅಮ್ಮನ ಸೀರೆ, ದೀಪಾವಳಿಯ ಪಟಾಕಿ, ಎಲ್ಲವನ್ನೂ ಅವರೇ ನೋಡಿಕೊಂಡರು. ಇದನ್ನು ಮೊದಲೇ ಹೇಳಿಬಿಡಬೇಕು; ಮುಂದೆ ಬರುವುದನ್ನು ಓದಿದವರು ಅವರನ್ನು ಕೆಟ್ಟವರೆಂದು ತಿಳಿಯಬಾರದು. ಅಮ್ಮ ಅಣ್ಣನ ಮಾತಿಗೆ ಎದುರು ಹೇಳಿದ್ದನ್ನು ನಾನು ಹನ್ನೆರಡು ವರ್ಷದವರೆಗೆ ಕೇಳಿರಲಿಲ್ಲ.

ಸುಂದರಕ್ಕ ನಮ್ಮ ಸಂಬಂಧಿಕರಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಹೊಳೆಯ ಆಚೆಯಿಂದ ಅಡುಗೆಗೆಂದು ಬಂದವರು, ಅಜ್ಜಿ ಹೋದ ಮೇಲೂ ಉಳಿದರು. ನಾನು ಕಣ್ಣು ಬಿಡುವ ಹೊತ್ತಿಗೆ ಅವರು ಆ ಮನೆಯಲ್ಲಿ ಹದಿನೈದು ವರ್ಷ ಕಳೆದಿದ್ದರು. ಅವರು ಮಲಗುವುದು ಅಜ್ಜನ ಕೋಣೆಯಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಬ್ಬಕ್ಕೆ ಮಾವನ ಮನೆಯವರು ಬಂದಾಗ ಅವರು ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಅಡುಗೆಕೋಣೆಯ ಬಾಗಿಲಿನ ಒಳಗೆ ಮಣೆ ಹಾಕಿಕೊಂಡು ಒಬ್ಬರೇ ಉಣ್ಣುತ್ತಿದ್ದರು. ಉಳಿದ ದಿನಗಳಲ್ಲಿ ಅಜ್ಜನ ಪಕ್ಕದಲ್ಲೇ ಅವರ ಬಟ್ಟಲು. ಎತ್ತರದ ಹೆಂಗಸು, ದೊಡ್ಡ ಪಾದಗಳು, ಮಾತು ಕಡಿಮೆ. ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯನ್ನು ಮಣ್ಣಿನ ಪಾತ್ರೆಯಲ್ಲಿ ಮಾಡಿ, ಮರುದಿನ ಬೆಳಿಗ್ಗೆ ಗಂಜಿಯ ಜೊತೆ ನನಗೆ ಅದರ ಗಟ್ಟಿ ರಸವನ್ನು ಮಾತ್ರ ಬಡಿಸುತ್ತಿದ್ದರು. ಅಮ್ಮ ಅವರೊಡನೆ ಜಗಳವಾಡುತ್ತಿರಲಿಲ್ಲ. ಉಪ್ಪು ಬೇಕೆಂದರೆ ಸಹ ನನ್ನ ಮೂಲಕ ಕೇಳುತ್ತಿದ್ದಳು, ಅಷ್ಟೇ.

ನನಗೆ ಒಂಬತ್ತು ವರ್ಷವಾದಾಗ ಅಜ್ಜ ತೀರಿಕೊಂಡರು. ಉತ್ತರಕ್ರಿಯೆಯ ಮರುದಿನ ಅವರ ಸ್ನೇಹಿತ ಪ್ರಭು ವಕೀಲರು ಒಂದು ಲಕೋಟೆ ಹಿಡಿದುಕೊಂಡು ಬಂದರು. ಚಾವಡಿಯಲ್ಲಿ ಮಾವ ಕುರ್ಚಿಯಲ್ಲಿ, ಅಮ್ಮ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ. ಸುಂದರಕ್ಕ ಒಳಗೆ ಒಗ್ಗರಣೆ ಹಾಕುತ್ತಿದ್ದರು. ವಕೀಲರು ಅವರನ್ನೂ ಕರೆಯಬೇಕೆಂದರು. ಕೈ ಒರೆಸಿಕೊಳ್ಳುತ್ತ ಬಂದು ಕಂಬದ ಹಿಂದೆ ನಿಂತರು. ಕಾಗದ ಅಜ್ಜನ ಕೈಬರಹದಲ್ಲೇ ಇತ್ತು. ಆ ದುಂಡು ಅಕ್ಷರಗಳು ನನಗೆ ದೂರದಿಂದಲೇ ಗುರುತು ಸಿಕ್ಕವು. ಎಲ್ಲರ ಮರಣಶಾಸನ ಬರೆದವರು ತಮ್ಮದನ್ನು ಅರ್ಧ ಪುಟದಲ್ಲಿ ಮುಗಿಸಿದ್ದರು. ಮನೆ ಅವರ ಸ್ವಂತ ಸಂಪಾದನೆಯದು. ಅದನ್ನು ಸುಂದರಿ ಎಂಬವರು ತಮ್ಮ ಆಜೀವ ಪರ್ಯಂತ ಅನುಭವಿಸತಕ್ಕದ್ದು, ಪರಭಾರೆ ಮಾಡಲು ಅವರಿಗೆ ಅಧಿಕಾರವಿಲ್ಲ, ಅವರ ಕಾಲಾನಂತರ ಸದರಿ ಸ್ವತ್ತು ನನ್ನ ಮೊಮ್ಮಗಳಿಗೆ ಪೂರ್ಣ ಹಕ್ಕಿನಿಂದ ಸೇರತಕ್ಕದ್ದು ಎಂದಿತ್ತು.

ವಕೀಲರು ಓದಿ ಮುಗಿಸಿದರು. ಆಮೇಲೆ ಮಾವ ಎದ್ದು ನಿಂತರು.

“ಅಡುಗೆಯವಳಿಗೆ ಮನೆ?”

“ಮನೆ ಅಲ್ಲ ಮಾರಾಯ್ರೆ,” ಎಂದರು ವಕೀಲರು. “ಇರುವ ಹಕ್ಕು. ಅವರು ಬದುಕಿರುವಷ್ಟು ದಿನ ಇದು ಅವರ ಕೈಯಲ್ಲಿ. ಇರಬಹುದು, ಬಾಡಿಗೆಗೆ ಕೊಡಬಹುದು, ಹಿತ್ತಿಲಲ್ಲಿ ಆದದ್ದನ್ನು ತಿನ್ನಬಹುದು. ಮಾರ್ಲಿಕ್ಕೆ ಆಗುವುದಿಲ್ಲ. ಅವರ ನಂತರ ಈ ಹುಡುಗಿಯದ್ದು.”

“ಮತ್ತೆ ನನ್ನ ತಂಗಿಗೆ ಎಂತ?”

ವಕೀಲರು ಕಾಗದವನ್ನು ಮಡಚಿದರು. ತಂಗಿಗೆ ಅದರಲ್ಲಿ ಏನೂ ಇರಲಿಲ್ಲ. ಅಮ್ಮನ ಹೆಸರು ಬಂದದ್ದು ಒಂದೇ ಕಡೆ, ನಾನು ಯಾರ ಮಗಳು ಎಂದು ಹೇಳುವಲ್ಲಿ.

ಆ ವಾರವೇ ಅಮ್ಮ ಒಂದು ಸೀಮೆಎಣ್ಣೆ ಸ್ಟವ್ ತರಿಸಿ ನಮ್ಮ ಕೋಣೆಯ ಮೂಲೆಯಲ್ಲಿ ಇಟ್ಟಳು. ಒಂದೇ ಮಾಡಿನ ಕೆಳಗೆ ಎರಡು ಅಡುಗೆ ಶುರುವಾಯಿತು. ಅಮ್ಮನ ಅಡುಗೆ ಅವಸರದ್ದು, ಏಕೆಂದರೆ ಅವಳು ಹತ್ತು ಗಂಟೆಗೆ ಬಟ್ಟೆಯಂಗಡಿಯ ಕೆಲಸಕ್ಕೆ ಹೋಗಬೇಕಿತ್ತು. ನಾನು ಅವಳ ಮುಂದೆ ಅನ್ನ ಸಾರು ಉಂಡು, ಶಾಲೆಯಿಂದ ಬಂದ ಮೇಲೆ ಅಡುಗೆಕೋಣೆಗೆ ನುಸುಳಿ ಸುಂದರಕ್ಕನ ಬಸಳೆ ಪದಾರ್ಥವನ್ನೋ ನೀರುದೋಸೆಯನ್ನೋ ತಿನ್ನುತ್ತಿದ್ದೆ. ಅಮ್ಮನಿಗೆ ಇದು ಗೊತ್ತಿತ್ತು. ಒಮ್ಮೆ ನನ್ನ ಕೈ ಮೂಸಿ ನೋಡಿ ಸೋಪು ಕೊಟ್ಟಳು. ಅವಳ ಸಿಟ್ಟು ಸುಂದರಕ್ಕನ ಮೇಲೆ ಎಂದು ನಾನು ಆಗ ತಿಳಿದಿದ್ದೆ. ಅರ್ಧ ಸಿಟ್ಟು ಅಜ್ಜನ ಮೇಲೆ ಎಂದು ಗೊತ್ತಾದದ್ದು ಬಹಳ ತಡವಾಗಿ. ಹುಟ್ಟಿದ ಮನೆಯಲ್ಲಿ ಅವಳು ಒಂದು ಮೊಳೆ ಹೊಡೆಯಲು ಸಹ ಹಿಂದೆಮುಂದೆ ನೋಡುತ್ತಿದ್ದಳು. ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ದಾರದಲ್ಲಿ ಕಟ್ಟಿದ್ದಳು.

ನನ್ನ ಕಷ್ಟ ಬೇರೆಯೇ ಇತ್ತು. ನೆರೆಮನೆಯ ಹೆಂಗಸೊಬ್ಬಳು ಬಾವಿಕಟ್ಟೆಯಲ್ಲಿ ನಗುತ್ತ, “ನಿನಗೆಂತ ಮಾರಾಯ್ತಿ, ಆ ಮುದುಕಿ ಕಣ್ಣು ಮುಚ್ಚಿದ್ರೆ ನೀನೇ ಯಜಮಾನ್ತಿ” ಎಂದಿದ್ದಳು. ‘ಕಾಲಾನಂತರ’ ಎಂಬ ಶಬ್ದವನ್ನು ನಾನು ನೂರು ಸಲ ಓದಿದ್ದೆ. ಅದರೊಳಗೆ ಒಬ್ಬರು ಸಾಯುತ್ತಾರೆ ಎಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅಂದಿನಿಂದ ಸುಂದರಕ್ಕ ಕೆಮ್ಮಿದರೆ ನಾನು ಎಲ್ಲಿದ್ದರೂ ಓಡಿಹೋಗಿ ನೋಡುತ್ತಿದ್ದೆ. ಅವರು ಸತ್ತರೆ ನನಗೆ ಲಾಭ. ಹಾಗಾದರೆ ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ನಾನೇ ಅದನ್ನು ಬಯಸುತ್ತಿದ್ದೇನೆಯೆ? ಮಂಗಳಾದೇವಿ ಗುಡಿಯಲ್ಲಿ ಎಲ್ಲ ಮಕ್ಕಳು ಪರೀಕ್ಷೆಗೆ ಕೈಮುಗಿದರೆ ನಾನು ಸುಂದರಕ್ಕನ ಕೆಮ್ಮಿಗೆ ಕೈಮುಗಿಯುತ್ತಿದ್ದೆ. ಅಮ್ಮನ ಡಬ್ಬಿಯಿಂದ ಕರಿಮೆಣಸು ಕದ್ದು ಅವರ ಕಷಾಯಕ್ಕೆ ಕೊಡುತ್ತಿದ್ದೆ. ರಜೆಯ ಮಧ್ಯಾಹ್ನಗಳಲ್ಲಿ ಅವರು ಚಾವಡಿಯ ತಣ್ಣನೆಯ ನೆಲದಲ್ಲಿ ಮಲಗಿದಾಗ ಹತ್ತಿರ ಕುಳಿತು, ಮೂಗಿನ ಕೆಳಗೆ ಕೈ ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡುತ್ತಿದ್ದೆ. ಒಂದು ದಿನ ಅವರು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದರು.

“ಎಂತ ಮಾಡ್ತಿದ್ದಿ ಬಾಲೆ?”

ಮಗುವನ್ನು ತುಳುವಿನಲ್ಲಿ ಬಾಲೆ ಎನ್ನುತ್ತೇವೆ. ನಾನು ಅಳಲು ಶುರುಮಾಡಿದೆ. ಬಾವಿಕಟ್ಟೆಯ ಮಾತನ್ನೂ ನನ್ನ ಹೆದರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಎದ್ದು ಕುಳಿತು, ಕೂದಲು ಗಂಟು ಹಾಕಿಕೊಂಡರು.

“ನಾನು ಸಾಯುವುದು ನಿನ್ನ ಕೈಯಲ್ಲಿ ಇಲ್ಲ, ಬದುಕುವುದೂ ಇಲ್ಲ. ಇವತ್ತು ಮನೆ ನನ್ನದು. ಇವತ್ತು ಅಂಗಳ ಗುಡಿಸಬೇಕಾದ್ದು ನಾನು, ಹಂಚು ಒಡೆದ್ರೆ ಹಾಕಿಸಬೇಕಾದ್ದು ನಾನು. ನಿನ್ನ ಕೈಗೆ ಬರುವಾಗ ಇದು ಬಿದ್ದ ಮನೆ ಆಗಿರಬಾರದು, ಅಷ್ಟು ನನ್ನ ಕೆಲಸ. ನಿನ್ನ ಕೆಲಸ ಎಂತ? ಶಾಲೆ. ಹೋಗು, ಲೆಕ್ಕ ಮಾಡು.”

ಹೆದರಿಕೆ ಕಡಿಮೆಯಾಯಿತು, ಪೂರಾ ಹೋಗಲಿಲ್ಲ.

ಹಂಚಿನ ಮಾತು ಬರೀ ಮಾತಾಗಿರಲಿಲ್ಲ. ನಮ್ಮ ಕೋಣೆಯ ಮೇಲೆ ಹಂಚು ಹೊತ್ತ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿತ್ತು. ನನಗೆ ಹನ್ನೆರಡಾಗುವ ಹೊತ್ತಿಗೆ ಮಾಡಿನ ಆ ಭಾಗ ತುಂಬಿದ ಜೋಳಿಗೆಯ ಹಾಗೆ ಕೆಳಗೆ ಜಗ್ಗಿತ್ತು. ಒಂದು ಶನಿವಾರ ಮರದ ವ್ಯಾಪಾರಿ ಒಬ್ಬರು ಬಂದು ಹಲಸಿನ ಮರದ ಸುತ್ತ ದಾರ ಹಿಡಿದು ಅಳತೆ ಮಾಡಿದರು. ಕರೆಸಿದವರು ಸುಂದರಕ್ಕ. ಅದೇ ಹೊತ್ತಿಗೆ ಮಾವ ಸ್ಕೂಟರಿನಲ್ಲಿ ಬಂದರು.

“ನೋಡಿದೆಯಾ?” ಎಂದು ಅವರು ಅಮ್ಮನನ್ನು ಅಂಗಳಕ್ಕೆ ಕರೆದು ತೋರಿಸಿದರು. “ಇವತ್ತು ಮರ. ನಾಳೆ ಬಾಗಿಲು, ಕಿಟಕಿ. ಅವಳು ಹೋಗುವಾಗ ನಿನ್ನ ಮಗಳಿಗೆ ಉಳಿಯುವುದು ಬಾವಿ ಮಾತ್ರ.”

ಸುಂದರಕ್ಕ ಸೀರೆ ಬದಲಾಯಿಸಿ, ನನ್ನನ್ನು ಜೊತೆಗೆ ಕರೆದುಕೊಂಡು, ಕೊಡಿಯಾಲ್‌ಬೈಲಿನಲ್ಲಿ ಪ್ರಭು ವಕೀಲರ ಕಚೇರಿಗೆ ನಡೆದೇ ಹೋದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕಾಗದದ ವಿಷಯವಿದ್ದರೆ ನಾನು ಬೇಕು. ವಕೀಲರು ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿದರು.

“ಹಣ್ಣು ನಿಮ್ಮದು ಸುಂದರಕ್ಕ. ಎಷ್ಟು ಬೇಕಾದ್ರೂ ತಿನ್ನಿ, ಮಾರಿ. ಒಣಗಿ ಬಿದ್ದ ಗೆಲ್ಲು ಒಲೆಗೆ ಹಾಕಿ. ಆದ್ರೆ ನಿಂತ ಮರ ಈ ಮಗುವಿನದ್ದು. ನೀವು ಕಡಿದ್ರೆ ಅವರು ನಿಮ್ಮ ಮೇಲೆ ಕೇಸು ಹಾಕಬಹುದು.”

“ಹಾಗಾ?” ಎಂದರು ಸುಂದರಕ್ಕ. “ನನಗೆ ಗೊತ್ತಿರಲಿಲ್ಲ. ಹಾಗಾದ್ರೆ ಬೇಡ.” ಮನೆಗೆ ಬಂದು ವ್ಯಾಪಾರಿಯನ್ನು ಕಳಿಸಿಬಿಟ್ಟರು. ಮರವನ್ನು ಯಾಕೆ ಮಾರಲು ಹೊರಟಿದ್ದರು ಎಂದು ಅಮ್ಮ ಕೇಳಲಿಲ್ಲ, ಅವರು ಹೇಳಲಿಲ್ಲ.

ಆದರೆ ಮಾವ ಸುಮ್ಮನಿರಲಿಲ್ಲ. ಅವರ ಪರಿಚಯದ ಬಿಲ್ಡರ್ ಒಬ್ಬರಿದ್ದರು. ನಮ್ಮ ಜಾಗದಲ್ಲಿ ನಾಲ್ಕು ಮಾಳಿಗೆಯ ಕಟ್ಟಡ ಬರುತ್ತದೆ. ನನ್ನ ಹೆಸರಿಗೆ ಒಂದು ಫ್ಲ್ಯಾಟ್, ಓಡಾಡಿದ್ದಕ್ಕೆ ಮಾವನಿಗೆ ಒಂದು, ಸುಂದರಕ್ಕನಿಗೆ ಎಲ್ಲಾದರೂ ಒಂದು ಬಾಡಿಗೆ ಕೋಣೆ. ಅಮ್ಮನಿಗೆ ಬಿಲ್ಡರ್ ಒಂದು ನಕ್ಷೆ ತೋರಿಸಿದರು. ಅದರಲ್ಲಿ ಅಡುಗೆಕೋಣೆಗೆ ಕಪ್ಪು ಕಲ್ಲಿನ ಕಟ್ಟೆ, ಸಿಂಕು, ಗೋಡೆಗೆ ಕಪಾಟು. ಅಮ್ಮ ಆ ನಕ್ಷೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಅವಳನ್ನು ನಾನು ದೂರುವುದಿಲ್ಲ. ಮಲಗುವ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಇಟ್ಟು ಮೂರು ವರ್ಷ ಅಡುಗೆ ಮಾಡಿದವರಿಗೆ ಆ ಕಪ್ಪು ಕಟ್ಟೆ ಎಂದರೆ ಏನು ಎಂದು ಈಗ ನನಗೆ ಅರ್ಥವಾಗುತ್ತದೆ.

ಎರಡು ಅಡ್ಡಿಗಳಿದ್ದವು. ಸುಂದರಕ್ಕ ತಮ್ಮ ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕಬೇಕು. ನಾನು ಅಪ್ರಾಪ್ತೆ, ಆದ್ದರಿಂದ ನನ್ನ ಪಾಲನ್ನು ಮಾರಲು ಅಮ್ಮ ಕೋರ್ಟಿನ ಅನುಮತಿ ಪಡೆಯಬೇಕು. ಮಾವ ಮೊದಲನೆಯದಕ್ಕಾಗಿ ಹಬ್ಬವಲ್ಲದ ದಿನ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದರು. ಮೊದಲ ಸಲ ಸುಂದರಕ್ಕನಿಗೆ ಕುರ್ಚಿ ತೋರಿಸಿದರು. ಅವರು ಕೂರಲಿಲ್ಲ.

“ವಯಸ್ಸಾಯ್ತು ನಿಮಗೆ. ಈ ದೊಡ್ಡ ಮನೆ ಎಂತಕ್ಕೆ? ಒಂದು ಕೋಣೆ, ತಿಂಗಳಿಗೆ ಖರ್ಚಿಗೆ ಇಷ್ಟು, ಎಲ್ಲ ನಾನು ನೋಡ್ತೇನೆ.”

“ನಾನು ಇಲ್ಲೇ ಇರ್ತೇನೆ.”

“ಕೋರ್ಟು, ಕಚೇರಿ ಅಂತ ಸುಮ್ಮನೆ ಅಲೆದಾಟ. ನಿಮ್ಮ ಒಳ್ಳೆಯದಕ್ಕೇ ಹೇಳುವುದು.”

“ಕೋರ್ಟಿಗೆ ಬರ್ತೇನೆ. ಸಹಿ ಹಾಕುವುದಿಲ್ಲ.” ಅವರ ದನಿ ಏರಲಿಲ್ಲ. “ಅವರು ಕೊಟ್ಟದ್ದು ಇಷ್ಟೇ. ಇಷ್ಟನ್ನು ನಾನು ಬಿಡುವುದಿಲ್ಲ.”

ಅರ್ಜಿ ಹೋಯಿತು. ಮನೆ ಶಿಥಿಲವಾಗಿದೆ, ಮಾರುವುದೇ ಮಗುವಿನ ಹಿತಕ್ಕೆ ಒಳ್ಳೆಯದು ಎಂದು ಅಮ್ಮನ ಹೆಸರಿನಲ್ಲಿ ಬರೆದಿತ್ತು. ಸುಂದರಕ್ಕನಿಗೆ ಬಂದ ನೋಟೀಸನ್ನು ನಾನೇ ಅವರಿಗೆ ಓದಿ ಹೇಳಬೇಕಾಯಿತು. ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತು ಅಮ್ಮನ ವಾದವನ್ನು ಅವರ ಮುಂದೆ ಓದಿದೆ. ಅಪ್ರಾಪ್ತ ಎಂದರೇನು ಎಂದು ಅವರು ಕೇಳಿದರು. ‘ನಾನು’ ಎಂದೆ.

ವಿಚಾರಣೆಯ ದಿನ ನಾವು ಮೂವರೂ ಒಂದೇ ಮನೆಯಿಂದ ಎರಡು ರಿಕ್ಷಾಗಳಲ್ಲಿ ಹೊರಟೆವು. ನಾನು ಅಮ್ಮ ಮಾವನ ಜೊತೆ. ಕೊಡಿಯಾಲ್‌ಬೈಲಿನ ತಿರುವಿನಲ್ಲಿ ಸುಂದರಕ್ಕನ ರಿಕ್ಷಾ ನಮ್ಮದನ್ನು ಹಿಂದೆ ಹಾಕಿತು. ಅವರು ನೆಟ್ಟಗೆ ಕುಳಿತು ಮುಂದೆ ನೋಡುತ್ತಿದ್ದರು. ನ್ಯಾಯಾಧೀಶರು ಇಬ್ಬರು ವಕೀಲರ ಮಾತನ್ನೂ ಕೇಳಿದ ಮೇಲೆ, ಹುಡುಗಿಯ ಹತ್ತಿರ ತಾವೇ ಮಾತಾಡುತ್ತೇನೆಂದು ನನ್ನನ್ನು ಒಳಗಿನ ಕೋಣೆಗೆ ಕರೆಸಿದರು. ನರೆತ ಮೀಸೆಯ, ನಿಧಾನವಾಗಿ ಮಾತಾಡುವ ಮನುಷ್ಯ. ಮೇಜಿನ ಮೇಲೆ ಅಜ್ಜನ ಕಾಗದದ ನಕಲು ಇತ್ತು.

“ಮನೆ ಮಾರಿದರೆ ನಿನ್ನ ಹೆಸರಿಗೆ ಹೊಸ ಫ್ಲ್ಯಾಟ್ ಬರುತ್ತದಂತೆ. ನಿನಗೆ ಬೇಡವೇ?”

“ಮನೆ ಇನ್ನೂ ನನ್ನದಾಗಿಲ್ಲ ಸರ್,” ಎಂದೆ. “ಸುಂದರಕ್ಕ ಇದ್ದಾರೆ.”

“ಮತ್ತೆ ಯಾವಾಗ ನಿನ್ನದಾಗುತ್ತದೆ?”

ನನಗೆ ಅದನ್ನು ಹೇಳಲು ಆಗಲಿಲ್ಲ. ಮೂರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅದೇ. ತಲೆ ತಗ್ಗಿಸಿ, “ಅವರು ಸಾಯುವುದು ನನಗೆ ಬೇಡ” ಎಂದೆ.

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. ಅವರು ಆಮೇಲೆ ಹೇಳಿದ್ದನ್ನು ನಾನು ಕಾಲೇಜಿನಲ್ಲಿ ದಪ್ಪ ಪುಸ್ತಕಗಳಲ್ಲಿ ಮತ್ತೆ ಓದಿದ್ದೇನೆ, ನನ್ನ ಕಕ್ಷಿದಾರರಿಗೆ ಎಷ್ಟೋ ಸಲ ವಿವರಿಸಿದ್ದೇನೆ. ಅಷ್ಟು ಸರಳವಾಗಿ ಹೇಳಲು ಈವರೆಗೆ ನನಗೆ ಬಂದಿಲ್ಲ.

“ನೋಡು ಮಗೂ, ನೀನು ತಪ್ಪು ತಿಳಿದಿದ್ದೀ. ಮುಂದಿನ ಹಕ್ಕು ನಿನ್ನದು ಎಂದು ನಿನ್ನ ಅಜ್ಜ ಬರೆದಿದ್ದಾರಲ್ಲ, ಆ ಹಕ್ಕು ಅವರು ತೀರಿಕೊಂಡ ದಿನವೇ ನಿನ್ನದಾಗಿದೆ. ಯಾರೂ ಸಾಯಬೇಕಾಗಿಲ್ಲ. ಒಂದೇ ಮನೆಯಲ್ಲಿ ಅವರದೂ ಉಂಟು, ನಿನ್ನದೂ ಉಂಟು, ಎರಡೂ ಈಗಲೇ ಉಂಟು. ಅವರದು ಇವತ್ತು ಇರುವುದು. ನಿನ್ನದು ಮುಂದೆ ಇರುವುದು. ಅವರು ನೂರು ವರ್ಷ ಬದುಕಿದರೂ ನಿನ್ನದು ಒಂದು ಅಂಗುಲ ಕಡಿಮೆಯಾಗುವುದಿಲ್ಲ.”

ನಾನು ಏನು ಹೇಳಿದೆ ಎಂದು ನೆನಪಿಲ್ಲ. ಹೊರಗೆ ಬರುವಾಗ ಕಾಲು ಹಗುರವಾಗಿತ್ತು. ಸುಂದರಕ್ಕ ಇನ್ನು ಎಷ್ಟು ಬೇಕಾದರೂ ಕೆಮ್ಮಬಹುದು ಎನ್ನಿಸಿತು.

ಮತ್ತೆ ಕೋರ್ಟು ಸೇರಿದಾಗ ನ್ಯಾಯಾಧೀಶರು ಅಮ್ಮನ ಕಡೆ ತಿರುಗಿದರು.

“ನೀವು ಈಗ ಎಲ್ಲಿ ಇದ್ದೀರಮ್ಮಾ?”

“ಅಪ್ಪನ ಮನೆಯಲ್ಲಿ ಸರ್.”

“ಅಪ್ಪ ಹೋದ ಮೇಲೆ ಅದು ಅಪ್ಪನ ಮನೆಯಲ್ಲ. ಇವತ್ತಿನದು ಈ ಹೆಂಗಸಿಗೆ, ಮುಂದಿನದು ನಿಮ್ಮ ಮಗಳಿಗೆ. ನಡುವೆ ನೀವು ಯಾವ ಹಕ್ಕಿನಲ್ಲಿ ಇದ್ದೀರಿ?”

ಅಮ್ಮ ಮಾವನನ್ನು ನೋಡಿದಳು. ಮಾವ ತಮ್ಮ ವಕೀಲರನ್ನು ನೋಡಿದರು.

“ಇವರು ಮನಸ್ಸು ಮಾಡಿದ್ದರೆ ಮೂರು ವರ್ಷದ ಹಿಂದೆಯೇ ನಿಮ್ಮನ್ನು ಹೊರಗೆ ಹೋಗಿ ಎನ್ನಬಹುದಿತ್ತು. ಆ ಕೋಣೆಯನ್ನು ಬಾಡಿಗೆಗೆ ಕೊಡಬಹುದಿತ್ತು. ಇದು ನಿಮಗೆ ಗೊತ್ತಿದೆಯೇ?” ಎಂದು ಕೇಳಿ, ಅವರು ಸುಂದರಕ್ಕನಿಗೆ, “ನಿಮಗೆ ಗೊತ್ತಿತ್ತೇ?” ಎಂದರು.

ಪ್ರಭು ವಕೀಲರು ಪ್ರಶ್ನೆಯನ್ನು ತುಳುವಿನಲ್ಲಿ ಹೇಳಿದರು. ಸುಂದರಕ್ಕ ಹೌದೆಂದು ತಲೆಯಾಡಿಸಿದರು. ಕಾಗದ ಓದಿದ ದಿನವೇ ವಕೀಲರು ತಿಳಿಸಿದ್ದರಂತೆ.

“ಮತ್ತೆ ಬಾಡಿಗೆ ಯಾಕೆ ತೆಗೆದುಕೊಳ್ಳಲಿಲ್ಲ?”

ಸುಂದರಕ್ಕ ಪ್ರಶ್ನೆಯೇ ಅರ್ಥವಾಗದವರ ಹಾಗೆ ವಕೀಲರ ಕಡೆ ತಿರುಗಿದರು. ಅವರು ತುಳುವಿನಲ್ಲಿ ಹೇಳಿದ್ದನ್ನು ವಕೀಲರು ಕನ್ನಡಕ್ಕೆ ತಿರುಗಿಸಿದರು.

“ಅವಳು ಹುಟ್ಟಿದ ಮನೆಯಲ್ಲಿ ಅವಳು ಇರ್ಲಿಕ್ಕೆ ಎಂತ ಬಾಡಿಗೆ, ಅಂತ ಕೇಳ್ತಾರೆ ಸ್ವಾಮಿ.”

ಮಧ್ಯಾಹ್ನದ ಮೇಲೆ ಮುಂದುವರಿಸೋಣ ಎಂದು ನ್ಯಾಯಾಧೀಶರು ಎದ್ದರು. ಹೊರಗೆ ವರಾಂಡದಲ್ಲಿ ಜನ, ಕಡತ, ಟೈಪ್‌ರೈಟರಿನ ಸದ್ದು. ಮಾವ ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದರು: ಹೆದರಬೇಡ, ನಮ್ಮ ವಕೀಲರು ಇದಕ್ಕೂ ಉತ್ತರ ಕೊಡುತ್ತಾರೆ, ಬೇಕಾದರೆ ಹೈಕೋರ್ಟಿಗೆ ಹೋಗೋಣ. ಅಮ್ಮ ಕೇಳುತ್ತಿದ್ದ ಹಾಗೆ ಕಾಣಲಿಲ್ಲ. ಅವಳು ಪ್ರಭು ವಕೀಲರ ಹತ್ತಿರ ಹೋದಳು.

“ಅಪ್ಪ ನನಗೆ ಯಾಕೆ ಎಂತದೂ ಬರೆಯಲಿಲ್ಲ? ನಿಮಗೆ ಗೊತ್ತುಂಟು. ಹೇಳಿ.”

ವಕೀಲರು ಸುತ್ತ ನೋಡಿದರು. ಆಮೇಲೆ ಹೇಳಿಯೇಬಿಟ್ಟರು.

“ನಿನ್ನ ಹೆಸರಿಗೆ ಬರೀರಿ ಅಂತ ನಾನೇ ಹೇಳಿದ್ದೆ ಸುಮತಿ. ಅವಳ ಅಣ್ಣ ಹಾಕು ಅಂದಲ್ಲಿ ಅವಳು ಸಹಿ ಹಾಕ್ತಾಳೆ ಅಂದ್ರು ನಿನ್ನ ಅಪ್ಪ.”

ಅಮ್ಮನ ಮುಖ ಕೆಂಪಾಯಿತು. ಸತ್ತ ಅಪ್ಪನಿಗೆ ತಿರುಗಿ ಬೈಯುವ ಹಾಗಿಲ್ಲ. ಅವಳು ವರಾಂಡದ ಕಂಬ ಹಿಡಿದು ನಿಂತಳು. ಆಮೇಲೆ ಮಾವನ ಎದುರು ಬಂದು ನಿಂತಳು.

“ಅರ್ಜಿ ವಾಪಸ್ ತೆಗೀತೇನೆ ಅಣ್ಣ.”

“ಎಂತ ಹುಚ್ಚು ಇದು?”

“ಹುಚ್ಚಲ್ಲ. ನೀನು ನನಗೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಆದ್ರೆ ಇದಕ್ಕೆ ನಾನು ಸಹಿ ಹಾಕುವುದಿಲ್ಲ.”

ಮಾವ ಅಲ್ಲಿಂದ ನೇರವಾಗಿ ಒಂದು ರಿಕ್ಷಾ ಹತ್ತಿ ಹೋದರು. ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಮನೆಗೆ ಮರಳುವಾಗ ಒಂದೇ ರಿಕ್ಷಾ. ನಾನು ನಡುವೆ. ಇಳಿದ ಮೇಲೆ ಅಮ್ಮ ಸೀರೆ ಸಹ ಬದಲಾಯಿಸದೆ ಅಡುಗೆಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಸುಂದರಕ್ಕ ತೆಂಗಿನಕಾಯಿ ಒಡೆಯುತ್ತಿದ್ದರು.

“ಮರ ಯಾಕೆ ಮಾರ್ಲಿಕ್ಕೆ ಹೊರಟಿದ್ರಿ?” ಎಂದು ಅಮ್ಮ ಕೇಳಿದಳು. ಇಷ್ಟು ವರ್ಷಗಳಲ್ಲಿ ಅದು ಅವಳ ಮೊದಲ ನೇರ ಮಾತು.

“ನಿನ್ನ ಕೋಣೆಯ ಪಕ್ಕಾಸಿಗೆ. ಮಗು ಮಲಗುವುದು ಸರಿಯಾಗಿ ಅದರ ಕೆಳಗೆ.”

ಅಮ್ಮ ಬಗ್ಗಿ ತೆಂಗಿನಕಾಯಿಯ ಒಂದು ಹೋಳು ತೆಗೆದುಕೊಂಡು ತುರಿಯಲು ಕುಳಿತಳು.

ಅವರಿಬ್ಬರೂ ಅಂದಿನಿಂದ ಅಕ್ಕತಂಗಿಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಮೀನಿಗೆ ಹುಳಿ ಎಷ್ಟು ಎಂಬುದರಿಂದ ಹಿಡಿದು ನನ್ನ ಜಡೆಯವರೆಗೆ ಪ್ರತಿಯೊಂದಕ್ಕೂ ಜಗಳವಾಡುತ್ತಿದ್ದರು. ಆದರೆ ನೇರವಾಗಿ ಆಡುತ್ತಿದ್ದರು. ಮರ ಕಡಿಯುವ ಹಾಗಿಲ್ಲ, ಹಣ್ಣು ಮಾತ್ರ ನಮ್ಮದು ಎಂದಾದ ಮೇಲೆ ಆ ಬೇಸಿಗೆ ಅಮ್ಮ ಅಂಗಡಿಗೆ ಒಂದು ತಿಂಗಳು ರಜೆ ಹಾಕಿದಳು. ಬಲಿತ ಹಲಸಿನಕಾಯಿ ಕೊಯ್ದು, ತೊಳೆ ಬೇಯಿಸಿ, ರುಬ್ಬಿ, ಇಬ್ಬರೂ ಹಪ್ಪಳ ತಟ್ಟಿದರು. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ, ಕಾಗೆ ಓಡಿಸಲು ನಾನು. ಅಮ್ಮನ ಅಂಗಡಿಯ ಗಿರಾಕಿಗಳೇ ಕೊಂಡರು. ಒಂದು ಬೇಸಿಗೆಗೆ ಸಾಲಲಿಲ್ಲ, ಎರಡು ಬೇಕಾಯಿತು. ಎರಡನೆಯ ವರ್ಷ ಬಡಗಿ ಬಂದು ಹೊಸ ಪಕ್ಕಾಸು ಕೂರಿಸಿದಾಗ ಸುಂದರಕ್ಕ ಏಣಿ ಹತ್ತಿ ಒಂದೊಂದನ್ನೂ ತಟ್ಟಿ ನೋಡಿದರು. ಅಮ್ಮ ಕೆಳಗೆ ಏಣಿ ಹಿಡಿದು ನಿಂತು ಇಳಿಯಿರಿ ಮಾರಾಯ್ರೆ, ಇಳಿಯಿರಿ ಎಂದು ಕೂಗುತ್ತಿದ್ದಳು.

ಈಗ ನಮ್ಮ ಓಣಿಯ ಎರಡೂ ಕಡೆ ಅಪಾರ್ಟ್‌ಮೆಂಟುಗಳಿವೆ. ತಿಂಗಳಿಗೊಬ್ಬರಾದರೂ ಗೇಟಿನ ಹತ್ತಿರ ನಿಂತು ಜಾಗ ಕೊಡುತ್ತೀರಾ ಎಂದು ಕೇಳುತ್ತಾರೆ. ನನಗೆ ಅರುವತ್ತು ದಾಟಿತು. ಒಂದೇ ಮಾತಿನಲ್ಲಿ ಇಲ್ಲ ಎನ್ನುತ್ತೇನೆ. ಹಾಗೆ ಹೇಳಲು ನಾನು ಕಲಿತದ್ದು ಇಬ್ಬರು ಹೆಂಗಸರಿಂದ. ಒಬ್ಬರು ಅದನ್ನು ಸ್ವೀಟ್ ಬಾಕ್ಸಿನ ಎದುರು ಹೇಳಿದರು, ಇನ್ನೊಬ್ಬಳು ಕೋರ್ಟಿನ ವರಾಂಡದಲ್ಲಿ.

ಸುಂದರಕ್ಕ ಹೋದದ್ದು ನಾನು ಪ್ರಭು ವಕೀಲರ ಕಚೇರಿಯಲ್ಲಿ ಜೂನಿಯರ್ ಆಗಿ ಎರಡನೆಯ ವರ್ಷದಲ್ಲಿದ್ದಾಗ. ಹದಿನೈದು ದಿನದ ಜ್ವರ. ಕೊನೆಯ ವಾರ ಅಮ್ಮ ಅವರಿಗೆ ಚಮಚದಲ್ಲಿ ಗಂಜಿ ಕುಡಿಸಿದಳು, ಮೈ ಒರೆಸಿದಳು. ಚಿತೆಗೆ ಬೆಂಕಿ ಕೊಡುವವರು ಯಾರು ಎಂಬ ಪ್ರಶ್ನೆ ಬಂದಾಗ, ತಲೆ ನರೆತ ಮಾವ ಮುಂದೆ ಬಂದು, “ನಾನು ಕೊಡ್ತೇನೆ” ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ಕ್ರಿಯೆಗಳೆಲ್ಲ ಮುಗಿದು ಖಾತೆ ನನ್ನ ಹೆಸರಿಗೆ ಬಂದ ವಾರ, ನಾನು ರಜೆ ಹಾಕಿ ಚಾವಡಿಯಲ್ಲಿ ಕುಳಿತು ಕೈಯಲ್ಲೇ ಒಂದು ಪತ್ರ ಬರೆದೆ. ಈ ಮನೆಯನ್ನು ನನ್ನ ತಾಯಿ ಸುಮತಿಯವರು ತಮ್ಮ ಆಜೀವ ಪರ್ಯಂತ ಅನುಭವಿಸತಕ್ಕದ್ದು. ಅಮ್ಮ ಅದನ್ನು ಎರಡು ಸಲ ಓದಿದಳು. ಅವಳಿಗೆ ಸಿಟ್ಟು ಬಂತು.

“ಮಗಳ ಮನೆಯಲ್ಲಿ ಇರ್ಲಿಕ್ಕೆ ನನಗೆ ಕಾಗದ ಎಂತಕ್ಕೆ? ನೀನು ನನ್ನನ್ನು ಹೊರಗೆ ಹಾಕ್ತೀಯಾ?”

“ಹಾಕುವುದಿಲ್ಲ. ಆದ್ರೆ ನಾನು ಮದುವೆಯಾಗಬಹುದು, ನಿನಗಿಂತ ಮೊದಲು ಸಾಯಬಹುದು, ನನ್ನ ಬುದ್ಧಿ ಕೆಡಬಹುದು. ಆಗ ಯಾರಾದ್ರೂ ನಿನ್ನನ್ನು ಇಲ್ಲಿ ಯಾವ ಹಕ್ಕಿನಲ್ಲಿ ಇದ್ದೀರಿ ಅಂತ ಕೇಳಿದ್ರೆ ನೀನು ನನ್ನ ಹೆಸರು ಹೇಳಬಾರದು. ನಿನ್ನ ಹೆಸರು ಹೇಳಬೇಕು.”

ಅಮ್ಮ ಮರುದಿನ ಒಳ್ಳೆಯ ಸೀರೆ ಉಟ್ಟು ನನ್ನ ಜೊತೆ ನೋಂದಣಿ ಕಚೇರಿಗೆ ಬಂದಳು. ಎಲ್ಲಿ ಸಹಿ ಹಾಕಬೇಕೆಂದು ಗುಮಾಸ್ತರು ಬೆರಳಿಟ್ಟು ತೋರಿಸಿದರು. ಅವಳು ಅವರ ಬೆರಳನ್ನು ಸರಿಸಿ, ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿ, ಆಮೇಲೆ ಸಹಿ ಹಾಕಿದಳು.

ನಂತರದ ಭಾನುವಾರ ಬೆಳಿಗ್ಗೆ ಪಡುಗಡೆಯ ಕೋಣೆಯಿಂದ ಗಂಡಸಿನ ದನಿ ಕೇಳಿ ಎದ್ದೆ. ನಮಗೆ ಪರಿಚಯದ ಮೇಸ್ತ್ರಿ, ಸುತ್ತಿಗೆ ಉಳಿ ಹಿಡಿದು ನಿಂತಿದ್ದರು. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೊಳೆಯ ಕಡೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಎಳೆಯುತ್ತಿದ್ದಳು. ಆ ಗೋಡೆಗೆ ಎಂದೂ ಕಿಟಕಿ ಇರಲಿಲ್ಲ. ಮೇಸ್ತ್ರಿ ನನ್ನನ್ನು ಕಂಡು ಸಮಾಧಾನದಿಂದ ಈಚೆ ಬಂದರು.

“ಖಾತೆ ನಿಮ್ಮ ಹೆಸರಿನಲ್ಲಿ ಉಂಟಲ್ಲ ಮೇಡಂ. ಗೋಡೆ ಒಡೆಯಲಾ?”

“ನನ್ನನ್ನು ಎಂತಕ್ಕೆ ಕೇಳ್ತೀರಿ?” ಎಂದೆ. “ಅವರನ್ನು ಕೇಳಿ.”

ಅಮ್ಮ ನಮ್ಮಿಬ್ಬರ ಕಡೆಗೂ ತಿರುಗಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ಚೌಕವನ್ನು ನೋಡಿದಳು. ಮತ್ತೆ ಮುಂದೆ ಹೋಗಿ ಅಂಗೈಯಲ್ಲಿ ಒಂದು ಗೆರೆಯನ್ನು ಅಳಿಸಿದಳು.

“ಇಷ್ಟು ಚಿಕ್ಕದು ಬೇಡ,” ಎಂದು ಹೇಳಿ, ಹೊಸ ಗೆರೆಯನ್ನು ಒಂದು ಮೊಳ ಆಚೆಗೆ ಎಳೆದಳು.